ಹೈದರಾಬಾದ್‌ನಲ್ಲಿ ಕೂತು ಕಡಲ ಅಲೆ ನೋಡುವುದು

ಕಡಲೇ ಇಲ್ಲದ ಹೈದರಾಬಾದ್‌ನಲ್ಲಿ ಇನ್‌ಕಾಯ್ಸ್ (ಕೇಂದ್ರ ಸರ್ಕಾರದ ಸಾಗರ ಮಾಹಿತಿ ಕೇಂದ್ರ) ಯಾಕೆ, ಹವಾಮಾನ ಇಲಾಖೆ ಸಾಲದಾ ಅಂತ ಕೇಳಿದ್ದೀರಿ. ಇಲಾಖೆ ಗಾಳಿ, ಮಳೆ, ಚಂಡಮಾರುತ ನೋಡುತ್ತದೆ. 1999ರಲ್ಲಿ ಶುರುವಾದ ಇನ್‌ಕಾಯ್ಸ್‌ನದು ಅಲೆ, ಸುನಾಮಿ, ಮೀನು ಸಿಗುವ ಜಾಗದ ಲೆಕ್ಕ. ಮಾಹಿತಿ ಉಪಗ್ರಹದ ಮೂಲಕವೂ ಬರುತ್ತದೆ, ಕಚೇರಿ ಎಲ್ಲಿದ್ದರೇನು?

ಇದು ಯಾಕೆ ಬೇಕು ಅಂದರೆ, ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿ ಎದ್ದರೆ ಕೆಲವು ದಿನ ಬಿಟ್ಟು ನಮ್ಮ ಕರಾವಳಿಗೂ ದೊಡ್ಡ ಅಲೆ ಬರಬಹುದು. ಇಲ್ಲಿ ಆಗ ಗಾಳಿಯೇ ಇರಲ್ಲ! ಆಕಾಶ ನೋಡಿ ದೋಣಿ ಇಳಿಸುವವರಿಗೆ ಸುಳಿವೇ ಸಿಗುವುದಿಲ್ಲ.

ಅಲೆ ಅಳೆಯಲು ಲಂಗರು ಹಾಕಿ ತೇಲಿಬಿಟ್ಟ ಹಳದಿ ಗುಂಡುಗಳಿವೆ. ಅದರ ಕೆಳಗೆ ಮೀನು ಸೇರುತ್ತದೆ. ಕೆಲವರು ಬೋಟನ್ನು ಅದಕ್ಕೇ ಕಟ್ಟಿಬಿಡುತ್ತಾರೆ, ಉಪಕರಣ ಕೆಡುತ್ತದೆ. ಅಲೆಯ ಮಾಹಿತಿ ತಪ್ಪಿದರೆ ನಷ್ಟ ಅವರಿಗೇ ಅಲ್ವಾ?