ಅಡ್ವಾನ್ಸ್ ಕೊಡುವ ಮುನ್ನ

ಪ್ರಶ್ನೆ: ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ರಾಜಾಜಿನಗರದಲ್ಲಿ ನೋಡಿರುವ ಮನೆಗೆ ತಿಂಗಳಿಗೆ 18,000 ರೂಪಾಯಿ ಬಾಡಿಗೆ. ಮಾಲೀಕರು ಹತ್ತು ತಿಂಗಳ ಅಡ್ವಾನ್ಸ್ ಮತ್ತು 11 ತಿಂಗಳ ಕರಾರು ಕೇಳುತ್ತಿದ್ದಾರೆ. ಖಾಲಿ ಮಾಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರಂತೆ. ಇದಕ್ಕೆಲ್ಲ ಒಪ್ಪಬಹುದೇ? ಹಾಲುಕ್ಕಿಸುವ ಮೊದಲು ಏನೇನು ನೋಡಿಕೊಳ್ಳಬೇಕು?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಹತ್ತು ತಿಂಗಳ ಅಡ್ವಾನ್ಸ್ ಬೆಂಗಳೂರಿನ ಹಳೆಯ ರೂಢಿಯೇ ಹೊರತು ಕಾನೂನಿನ ಕಟ್ಟಳೆಯಲ್ಲ. ಐದಾರು ತಿಂಗಳಿಗೆ ಒಪ್ಪುವ ಮಾಲೀಕರೂ ಇರುವುದರಿಂದ ಸಂಕೋಚಪಡದೆ ಕೇಳಿ ನೋಡಿ. ಕೇಂದ್ರ ಸರ್ಕಾರವು 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗಳಿಗೆ ಎರಡು ತಿಂಗಳ ಮಿತಿಯನ್ನು ಸೂಚಿಸಿದೆಯಾದರೂ ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರ. ಅದನ್ನು ಮುಂದಿಟ್ಟು ಪಟ್ಟು ಹಿಡಿಯಲಾಗದು. ಕೊಡುವ ಮೊತ್ತ ಎಷ್ಟೇ ಆಗಲಿ, ಬ್ಯಾಂಕಿನ ಮೂಲಕವೇ ಕೊಡಿ.

ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕಾದ್ದರಿಂದ 11 ತಿಂಗಳ ಪದ್ಧತಿ ಬೆಳೆದುಬಂದಿದೆ. ಅದರಲ್ಲಿ ಆತಂಕಪಡುವಂಥದ್ದೇನೂ ಇಲ್ಲ.

ನಿಜವಾಗಿ ಎಚ್ಚರ ವಹಿಸಬೇಕಾದದ್ದು ಬಣ್ಣದ ವಿಷಯದಲ್ಲಿ, ಏಕೆಂದರೆ ಜಗಳಗಳು ಹುಟ್ಟುವುದು ಮನೆ ಸೇರುವಾಗಲ್ಲ, ಬಿಡುವಾಗ. ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ, ಸಹಜ ಬಳಕೆಯಿಂದಾದ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂಬುದು ಸ್ವತ್ತು ವರ್ಗಾವಣೆ ಕಾಯ್ದೆಯ ನಿಲುವು. ಆದರೆ ಬಣ್ಣದ ಕಡಿತಕ್ಕೆ ಒಪ್ಪಿ ಸಹಿ ಹಾಕಿದ ಮೇಲೆ ಆ ರಕ್ಷಣೆ ಉಳಿಯುವುದಿಲ್ಲ. ರೂಢಿಗೆ ಮಣಿದು ಒಪ್ಪುವುದೇ ಆದರೆ, ‘ಒಂದು ತಿಂಗಳ ಬಾಡಿಗೆ’ ಎಂದು ಬರೆಯಲು ಬಿಡದೆ ‘18,000 ರೂಪಾಯಿ’ ಎಂದೇ ನಮೂದಿಸಿ. ಇಲ್ಲದಿದ್ದರೆ ವರ್ಷವರ್ಷವೂ ಬಾಡಿಗೆ ಏರಿದಂತೆ ಕಡಿತವೂ ಏರುತ್ತದೆ. ಈಗ ಹೊಸದಾಗಿ ಬಣ್ಣ ಬಳಿಸಿ ಕೊಡದ ಮನೆಗೆ ಬಿಡುವಾಗ ಬಣ್ಣದ ಹಣ ಕೇಳುವುದು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ಮಾಲೀಕರಿಗೆ ವಿನಯದಿಂದಲೇ ಹೇಳಿ.

ಸಾಮಾನು ಇಳಿಸುವ ಮೊದಲು, ಖಾಲಿ ಮನೆಯಲ್ಲೇ ಎಲ್ಲವನ್ನೂ ಪರೀಕ್ಷಿಸಿ. ಅಡುಗೆಮನೆಯ ಸಿಂಕಿನ ಕೆಳಗಿನ ಪೈಪನ್ನು ನೀರು ಬಿಟ್ಟು ಮುಟ್ಟಿ ನೋಡಿ. ಬಚ್ಚಲುಮನೆಯ ಬಾಗಿಲಿನ ಬುಡ ನೆನೆದು ಉಬ್ಬಿದೆಯೇ, ಗೀಸರ್ ಕಾಯುತ್ತದೆಯೇ ಎಂದು ಗಮನಿಸಿ. ಕಂಡ ದೋಷಗಳ ಫೋಟೋಗಳನ್ನು ಅಂದೇ ಮಾಲೀಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ತಾರೀಖು ಸಹಿತ ದಾಖಲೆ ಉಳಿಯುತ್ತದೆ.

ಇತ್ತೀಚಿನ ವಿದ್ಯುತ್ ಬಿಲ್ಲನ್ನೂ ಕೇಳಿ ಪಡೆಯಿರಿ. ಹಿಂದಿನ ಬಾಡಿಗೆದಾರರು ಗೃಹಜ್ಯೋತಿಗಾಗಿ ಆ ಮನೆಯ ಮೀಟರಿಗೆ ತಮ್ಮ ಆಧಾರ್ ಜೋಡಿಸಿದ್ದರೆ, ಮೊದಲು ಅದನ್ನು ರದ್ದುಪಡಿಸಿ, ಅನಂತರ ನಿಮ್ಮ ಮಗನ ಹೆಸರಿನಲ್ಲಿ ಅರ್ಜಿ ಹಾಕಬೇಕು. ಬಾಡಿಗೆದಾರರಿಗೂ ಈ ಯೋಜನೆ ಅನ್ವಯಿಸುತ್ತದೆ. ಕಾವೇರಿ ನೀರಿನ ಬಿಲ್ಲು ಮನೆಗಳ ನಡುವೆ ಹೇಗೆ ಹಂಚಿಕೆಯಾಗುತ್ತದೆ ಎಂಬುದನ್ನೂ ಮೊದಲೇ ವಿಚಾರಿಸಿಕೊಳ್ಳಿ.

ಕೊನೆಯದಾಗಿ, ಬೀಗದ ಕೈ ಒಪ್ಪಿಸಿದ ದಿನವೇ ಅಡ್ವಾನ್ಸ್ ಹಿಂದಿರುಗಿಸಬೇಕು, ಬಾಕಿ ಬಿಲ್ಲು ಮತ್ತು ನಮೂದಿಸಿದ ಬಣ್ಣದ ಹಣವನ್ನುಳಿದು ಬೇರಾವ ಕಡಿತವೂ ಇರಕೂಡದು ಎಂಬ ಸಾಲನ್ನು ಸಹಿ ಹಾಕುವ ಮೊದಲೇ ಕರಾರಿನಲ್ಲಿ ಸೇರಿಸಿ.