ಸ್ಕ್ಯಾನ್ ನಾರ್ಮಲ್, ಕೆನ್ನೆ ಮಾತ್ರ ಉರಿ

ಪ್ರಶ್ನೆ: ನನಗೆ 52 ವರ್ಷ. ಮೂರು ವರ್ಷದಿಂದ ಬಲಗೆನ್ನೆ ಒಳಗೊಳಗೇ ನೋಯುತ್ತದೆ, ಉರಿಯುತ್ತದೆ. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೂ ಇದೇ ಪಾಡು. ಹಲ್ಲುನೋವು ಅಂದುಕೊಂಡು ಎರಡು ದವಡೆ ಹಲ್ಲು ಕೀಳಿಸಿದೆ, ಹೋಗಲಿಲ್ಲ. ಎಂಆರ್‌ಐ ನಾರ್ಮಲ್ ಬಂದಿದೆ. ಮನೆಯವರು "ಎಲ್ಲ ನಿನ್ನ ಮನಸ್ಸಿಂದು" ಅಂತಾರೆ. ಫಂಕ್ಷನಲ್ ಎಂಆರ್‌ಐನಲ್ಲಿ ನೋವು ಕಾಣುತ್ತದಂತೆ. ಮಾಡಿಸಿ ಇವರಿಗೆ ತೋರಿಸಲೇ?

ಉತ್ತರ: ಬೇಡ, ಸುಮ್ನೆ ದುಡ್ಡು ದಂಡ. ಹಾಗಂತ ನಿಮ್ಮ ನೋವು ಸುಳ್ಳು ಅಂತ ನಾನು ಹೇಳುತ್ತಿಲ್ಲ.

ಮಾಮೂಲಿ ಎಂಆರ್‌ಐ ತೋರಿಸುವುದು ಆಕಾರವನ್ನು. ಗಡ್ಡೆ ಇದೆಯಾ, ಮುಖದ ಸ್ಪರ್ಶ, ನೋವನ್ನೆಲ್ಲ ಮಿದುಳಿಗೆ ಒಯ್ಯುವ ಟ್ರೈಜೆಮಿನಲ್ ನರವನ್ನು ರಕ್ತನಾಳ ಒತ್ತುತ್ತಿದೆಯಾ ಎಂದು ನೋಡಲು ಅದು ಬೇಕು. ಆದರೆ ರೇಡಿಯೊದ ಫೋಟೊ ನೋಡಿ ಯಾವ ಹಾಡು ಬರುತ್ತಿದೆ ಅಂತ ಹೇಳೋಕಾಗುತ್ತಾ?

ಫಂಕ್ಷನಲ್ ಎಂಆರ್‌ಐ ಕೂಡ ನೋವನ್ನು ನೇರವಾಗಿ ನೋಡುವುದಿಲ್ಲ. ಮಿದುಳಿನ ಒಂದು ಜಾಗ ಜಾಸ್ತಿ ಕೆಲಸ ಮಾಡಿದಾಗ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ನುಗ್ಗುತ್ತದೆ. ಆ ಏರಿಳಿತವನ್ನು ಅದು ಹಿಡಿಯುತ್ತದೆ. ಸಂಶೋಧನೆಯಲ್ಲಿ ಏನು ಮಾಡುತ್ತಾರೆ ಅಂದರೆ, ರೋಗಿಯನ್ನು ಕೊಳವೆಯೊಳಗೆ ಮಲಗಿಸಿ, ಕೆನ್ನೆಗೆ ಬಿಸಿಯಾಗುವ ಸಣ್ಣ ಬಿಲ್ಲೆ ತಗುಲಿಸುತ್ತಾರೆ. ಆಗ ಮಿದುಳಿನ ಥಲಾಮಸ್, ಇನ್ಸುಲಾ, ಸಿಂಗ್ಯುಲೇಟ್ ಎಂಬ ಭಾಗಗಳು ಚಿತ್ರದಲ್ಲಿ ಬಣ್ಣ ಬಣ್ಣವಾಗಿ ಕಾಣುತ್ತವೆ. ತಮಾಷೆ ಅಂದರೆ, ಜೋರು ಸದ್ದಿಗೂ ಇವೇ ಜಾಗಗಳು ಎಚ್ಚೆತ್ತುಕೊಳ್ಳುತ್ತವೆ. ಮುಖದ ನೋವಿಗೆ ಇನ್ನೊಂದು ಕಷ್ಟ: ರೋಗಿ ಹಲ್ಲು ಕಚ್ಚಿದರೆ, ಉಗುಳು ನುಂಗಿದರೆ ತಲೆ ಅಲುಗಿ ಚಿತ್ರ ಕೆಡುತ್ತದೆ. ಟ್ರೈಜೆಮಿನಲ್ ನರ ಬಂದು ಸೇರುವ ಮಿದುಳುಕಾಂಡವಂತೂ ಪ್ರತಿ ಎದೆಬಡಿತಕ್ಕೂ ಸಣ್ಣಗೆ ಅಲ್ಲಾಡುತ್ತದೆ.

2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನನ್ನು ಈ ಸ್ಕ್ಯಾನರಿನಲ್ಲಿಟ್ಟು ಮನುಷ್ಯರ ಫೋಟೊ ತೋರಿಸಿದರು. ಆಕಸ್ಮಿಕವಾಗಿ ಕಾಣುವ ಏರಿಳಿತಗಳನ್ನು ಅಂಕಿಅಂಶದ ಲೆಕ್ಕದಲ್ಲಿ ಸೋಸಿ ತೆಗೆಯದಿದ್ದಾಗ ಅದರ ಮಿದುಳಿನಲ್ಲೂ 'ಚಟುವಟಿಕೆ' ಕಂಡಿತು! ಬಣ್ಣದ ಚಿತ್ರ ನೋಡಿ ಮರುಳಾಗಬಾರದು ಎಂದು ತೋರಿಸಲೆಂದೇ ಮಾಡಿದ್ದು ಅದು.

ಹಾಗಾದರೆ ಮಿದುಳಿನ ಚಿತ್ರಗಳ ಸಂಶೋಧನೆಯಿಂದ ಏನೂ ಪ್ರಯೋಜನವಿಲ್ಲವೇ? ಇದೆ. ನಿಮ್ಮದಕ್ಕಿಂತ ಬೇರೆಯಾದ, ಕರೆಂಟ್ ಹೊಡೆದಂತೆ ಚಳಕ್ ಎನ್ನುವ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಇದ್ದವರನ್ನು ಕೆನಡಾದ ಟೊರಾಂಟೊ ತಂಡ ಆಕಾರ ತೋರಿಸುವ ಎಂಆರ್‌ಐನಲ್ಲೇ ಪರೀಕ್ಷಿಸಿತ್ತು. ಅವರ ಇನ್ಸುಲಾದಲ್ಲಿ ಬದಲಾವಣೆ ಇತ್ತು. ಆಪರೇಷನ್ ಫಲಿಸಿ ನೋವು ಹೋದ ಮೇಲೆ ಅದು ಸಹಜಕ್ಕೆ ಮರಳಿತು ಎಂದು 2015ರಲ್ಲಿ ವರದಿ ಮಾಡಿದರು. ದೀರ್ಘಕಾಲದ ನೋವು ಮಿದುಳನ್ನು ಬದಲಿಸುತ್ತದೆ, ಆ ಬದಲಾವಣೆ ಶಾಶ್ವತವಾಗಿರಲೇಬೇಕಿಲ್ಲ. ಆದರೆ ಇದೆಲ್ಲ ಗುಂಪಿನ ಸರಾಸರಿ. ನಿಮ್ಮೊಬ್ಬರ ಚಿತ್ರದಿಂದ 'ಇವರಿಗೆ ನೋವಿದೆ' ಅಂತ ಯಾರೂ ಸರ್ಟಿಫಿಕೇಟ್ ಕೊಡಲಾರರು. ನೋವು ಅಧ್ಯಯನದ ಅಂತರರಾಷ್ಟ್ರೀಯ ಸಂಘದ ತಜ್ಞರ ತಂಡವೂ 2017ರಲ್ಲಿ ಇದನ್ನೇ ಹೇಳಿತು: ಮಿದುಳಿನ ಚಿತ್ರವನ್ನು ನೋವಿನ ಸುಳ್ಳುಪತ್ತೆ ಯಂತ್ರ ಮಾಡಬೇಡಿ.

ಇನ್ನು ನೀವು ಮಾಡಬೇಕಾದ್ದು. ಕಾರಣ ಖಚಿತವಾಗದೆ ಮತ್ತೊಂದು ಹಲ್ಲು ಕೀಳಿಸಬೇಡಿ. ನರರೋಗ ತಜ್ಞರನ್ನು ಕಾಣಿ. ಅವರು ಅಮಿಟ್ರಿಪ್ಟಿಲಿನ್ ಬರೆದುಕೊಟ್ಟರೆ, ಖಿನ್ನತೆಯ ಮಾತ್ರೆ ಅಂತ ಬೇಜಾರಾಗಬೇಡಿ. ಕಡಿಮೆ ಡೋಸಿನಲ್ಲಿ ಅದನ್ನು ನರದ ನೋವಿಗೂ ಕೊಡುತ್ತಾರೆ. ಹೋಗುವಾಗ ಹಳೆಯ ಎಂಆರ್‌ಐ ಫಿಲ್ಮ್ ಜೊತೆಗೆ ಒಂದು ಚೀಟಿಯೂ ಇರಲಿ: ಉರಿಯಾ, ಚುಚ್ಚುತ್ತದಾ, ಅಗಿಯುವಾಗ ಜಾಸ್ತಿಯಾಗುತ್ತದಾ, ನಿದ್ದೆಯಿಂದ ಎಬ್ಬಿಸುತ್ತದಾ. ಮನೆಯವರನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ.