ಹೊಗೆ ಜಾಸ್ತಿಯಾದರೆ ಮಳೆಯೂ ಜಾಸ್ತಿ ಆಗಬೇಕಲ್ವಾ?

ಪ್ರಶ್ನೆ: 2017ರಲ್ಲಿ ನಮ್ಮ ರಾಜ್ಯದಲ್ಲಿ ‘ವರ್ಷಧಾರಿ’ ಹೆಸರಲ್ಲಿ ಮೋಡ ಬಿತ್ತನೆ ಮಾಡಿದರು. ಕಣಗಳನ್ನು ಚೆಲ್ಲಿ ಮಳೆ ತರಿಸಬಹುದಾದರೆ, ಗಾಳಿಯಲ್ಲಿ ಇಷ್ಟೊಂದು ಹೊಗೆ, ದೂಳು ಇದ್ದೂ ಮಳೆ ಯಾಕೆ ಜಾಸ್ತಿಯಾಗುವುದಿಲ್ಲ?
– ಓದುಗರೊಬ್ಬರು, ಗದಗ

ಉತ್ತರ: ಒಳ್ಳೇ ಪ್ರಶ್ನೆ. ಕಣ ಇಲ್ಲದೆ ಮೋಡ ಕಟ್ಟುವುದಿಲ್ಲ, ಅಷ್ಟು ನಿಜ. ನೀರಾವಿ ಹನಿಯಾಗಲು ಕಣವೊಂದರ ಆಸರೆ ಬೇಕೇ ಬೇಕು. ಸಮುದ್ರದ ಉಪ್ಪಾದರೂ ಸರಿ, ಹೊಗೆಯಾದರೂ ಸರಿ.

ತೊಂದರೆ ಇರುವುದು ಎಣಿಕೆಯಲ್ಲಿ. ನೂರು ಜನಕ್ಕೆ ಮಾಡಿದ ಸಾರನ್ನು ಸಾವಿರ ಜನಕ್ಕೆ ಬಡಿಸಿದ ಹಾಗೆ, ಇದ್ದಷ್ಟೇ ನೀರು ಲೆಕ್ಕವಿಲ್ಲದಷ್ಟು ಹೊಗೆ ಕಣಗಳಿಗೆ ಹಂಚಿಹೋಗುತ್ತದೆ. ಮೋಡದ ಹನಿ ಮಾಮೂಲಾಗಿಯೇ ಮಿಲಿಮೀಟರಿನ 50ನೇ ಒಂದು ಭಾಗದಷ್ಟು ಇರುತ್ತದೆ. ಅಂಥ ಸುಮಾರು 10 ಲಕ್ಷ ಹನಿ ಕೂಡಿದರೆ ಒಂದು ಮಳೆಹನಿ. ದೊಡ್ಡ ಹನಿ ಕೆಳಗೆ ಬೀಳುತ್ತಾ ದಾರಿಯಲ್ಲಿ ಸಿಕ್ಕ ಚಿಕ್ಕದನ್ನೆಲ್ಲ ಸೇರಿಸಿಕೊಂಡು ಬೆಳೆಯಬೇಕು. ಎಲ್ಲವೂ ಪುಟಾಣಿಯಾದರೆ ಡಿಕ್ಕಿಯೇ ಆಗುವುದಿಲ್ಲ, ಸುಮ್ನೆ ತೇಲುತ್ತಿರುತ್ತವೆ. ಬಿತ್ತನೆಗೆ ಬಳಸುವ ಉಪ್ಪಿನ ಕಣಗಳು ಹೊಗೆ ಕಣಕ್ಕಿಂತ ದಪ್ಪ, ನೀರನ್ನು ಬೇಗ ಎಳೆಯುತ್ತವೆ. ಅದೇ ವ್ಯತ್ಯಾಸ.

ಹಾಗಂತ ಹೊಗೆ ಯಾವಾಗಲೂ ಮಳೆ ತಡೆಯುತ್ತದೆ ಅಂತಲ್ಲ. ಎತ್ತರಕ್ಕೆ ಬೆಳೆಯುವ ಗುಡುಗು ಮೋಡದಲ್ಲಿ, ಕೆಳಗೆ ಸುರಿಯದೆ ಉಳಿದ ನೀರು ಮೇಲೇರಿ ಹೆಪ್ಪುಗಟ್ಟುತ್ತದೆ, ಆಗ ಬಿಡುಗಡೆಯಾಗುವ ಶಾಖದಿಂದ ಮೋಡಕ್ಕೆ ಇನ್ನಷ್ಟು ಬಲ ಬಂದು ಒಮ್ಮೆಲೇ ಜೋರಾಗಿ ಸುರಿಯಲೂಬಹುದು.

ನನಗೆ ಹೆಚ್ಚು ಚಿಂತೆಯಾಗುವುದು ಮುಂಗಾರಿನದು. 1999ರಲ್ಲಿ ವಿ. ರಾಮನಾಥನ್ ಮತ್ತಿತರ ವಿಜ್ಞಾನಿಗಳು ಇಂಡೋಯೆಕ್ಸ್ (ಇಂಡಿಯನ್ ಓಷನ್ ಎಕ್ಸ್‌ಪೆರಿಮೆಂಟ್) ಅಧ್ಯಯನದಲ್ಲಿ ಹಿಂದೂ ಮಹಾಸಾಗರದ ಉತ್ತರ ಭಾಗದ ಮೇಲೆ ಕಂದು ಹೊಗೆಯ ದೊಡ್ಡ ಪದರವನ್ನೇ ಅಳೆದರು. ಒಲೆಯ ಹೊಗೆ, ಡೀಸೆಲ್, ಕಲ್ಲಿದ್ದಲು, ಎಲ್ಲ ನಮ್ಮ ಕಡೆಯಿಂದ ಹೋದದ್ದೇ. ಈ ಪದರ ಬಿಸಿಲು ತಡೆದರೆ ಸಮುದ್ರದಿಂದ ಆವಿ ಏಳುವುದು ಕಡಿಮೆಯಾಗುತ್ತದೆ, ನೆಲ ಕಾಯುವುದೂ ಕಡಿಮೆ. ನೆಲ ಕಾದು ಸಮುದ್ರ ತಂಪಾಗಿದ್ದರೆ ತಾನೇ ಮುಂಗಾರಿನ ಗಾಳಿ ಒಳಗೆ ನುಗ್ಗುವುದು? 1950ರಿಂದ ಸುಮಾರು ಐದು ದಶಕ ಮಧ್ಯ ಮತ್ತು ಉತ್ತರ ಭಾರತದಲ್ಲಿ ಮುಂಗಾರು ಮಳೆ ಇಳಿಮುಖವಾಗಿದ್ದಕ್ಕೆ ಇದೂ ಒಂದು ಮುಖ್ಯ ಕಾರಣ ಅಂತ 2011ರ ಒಂದು ಅಧ್ಯಯನ ಹೇಳಿತು.

ಕಾರ್ಬನ್ ಡೈಆಕ್ಸೈಡ್ ಶತಮಾನಗಟ್ಟಲೆ ಗಾಳಿಯಲ್ಲೇ ಇರುತ್ತದೆ, ಈ ಕಣಗಳು ಹಾಗಲ್ಲ. ಹೆಚ್ಚುಕಮ್ಮಿ ಒಂದೆರಡು ವಾರದಲ್ಲಿ ನೆಲಕ್ಕೆ ಇಳಿಯುತ್ತವೆ. ಹೊಗೆ ಬಿಡುವುದನ್ನು ನಿಲ್ಲಿಸಿದರೆ ಗಾಳಿ ತಿಳಿಯಾಗಲು ನಮ್ಮ ಮೊಮ್ಮಕ್ಕಳ ಕಾಲದವರೆಗೆ ಕಾಯಬೇಕಿಲ್ಲ.